ಪ್ರಿವಾಕ್ಸಿ: ಐದು ವರ್ಷ ಬಳಸಿದ ಮೇಲೆ

ನಮ್ಮ ತಂದೆಯವರ ದೃಷ್ಟಿ ಕುಂದಿದ ಮೇಲೆ ಅವರು ಹಳೆಯ ಕನ್ನಡ ಜಾಲತಾಣಗಳ ಲೇಖನಗಳನ್ನು, ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ಎನ್‌ವಿಡಿಎ ತಂತ್ರಾಂಶದಿಂದ ಓದಿಸಿ ಕೇಳತೊಡಗಿದರು. ಒಂದು ಸಂಜೆ ಅವರು, "ಇದೇನಪ್ಪಾ, ಬೆಂಗಳೂರು ಅಂತ ಬಂದಾಗಲೆಲ್ಲ ನಡುವೆ ಸೊನ್ನೆ ಅನ್ನುತ್ತಲ್ಲ?" ಎಂದು ಕೇಳಿದರು. ಪುಟದ ಮೂಲವನ್ನು ತೆಗೆದು ನೋಡಿದಾಗ ಕಾರಣ ತಿಳಿಯಿತು. ಬೆರಳಚ್ಚು ಮಾಡಿದವರು ಅನುಸ್ವಾರದ ಜಾಗದಲ್ಲೆಲ್ಲ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ ದುಂಡು, ಆದರೆ ಯುನಿಕೋಡ್‌ನಲ್ಲಿ ಅವು ಬೇರೆ ಬೇರೆ ಅಕ್ಷರಗಳು. ಹತ್ತಾರು ತಾಣಗಳಲ್ಲಿರುವ ಈ ತಪ್ಪನ್ನು ತಿದ್ದಿಸಲು ಯಾರನ್ನು ಕೇಳುವುದು? ಪುಟ ತಾಣದಿಂದ ನಮ್ಮ ಬ್ರೌಸರಿಗೆ ಬರುವ ದಾರಿಯಲ್ಲೇ ತಿದ್ದಿಬಿಡೋಣ ಎಂದು ನಾನು ಪ್ರಿವಾಕ್ಸಿ ಎಂಬ ತಂತ್ರಾಂಶವನ್ನು ಹಾಕಿಕೊಂಡೆ.

ಪುಟವನ್ನು ದಾರಿಯಲ್ಲಿ ಬದಲಿಸಬಹುದು ಎಂಬುದು ನನಗೆ ಮೊದಲು ಗೊತ್ತಾದದ್ದು ಕಹಿ ಅನುಭವದಿಂದ. ಹಿಂದೊಮ್ಮೆ ನಾವು ಪಡೆದಿದ್ದ ಇಂಟರ್‌ನೆಟ್ ಸಂಪರ್ಕದವರು ಗೂಢಲಿಪಿಯಿಲ್ಲದ (https ಅಲ್ಲದ) ಪುಟಗಳಿಗೆ ನಮ್ಮನ್ನು ಕೇಳದೆಯೇ ತಮ್ಮ ಜಾಹೀರಾತನ್ನು ತುರುಕುತ್ತಿದ್ದರು. ಅದೇ ತಂತ್ರ ಓದುಗನ ಕೈಯಲ್ಲಿದ್ದರೆ ಎಷ್ಟು ಉಪಕಾರಿ ಎಂಬುದನ್ನು ಈ ಐದು ವರ್ಷಗಳಲ್ಲಿ ಕಂಡಿದ್ದೇನೆ.

ಪ್ರಿವಾಕ್ಸಿಯು ಇಂಟರ್‌ನೆಟ್ ಜಂಕ್‌ಬಸ್ಟರ್ ಎಂಬ ಹಳೆಯ ತಂತ್ರಾಂಶದಿಂದ ಬೆಳೆದು ಬಂದ ಮುಕ್ತ ಪ್ರಾಕ್ಸಿ, ಅಂದರೆ ಬ್ರೌಸರಿಗೂ ತಾಣಕ್ಕೂ ನಡುವೆ ನಿಂತು ಪುಟಗಳನ್ನು ದಾಟಿಸುವ ತಂತ್ರಾಂಶ. ಇದು ಸಾಮಾನ್ಯವಾಗಿ 8118ನೇ ಪೋರ್ಟಿನಲ್ಲಿ ಕಾಯುತ್ತಿರುತ್ತದೆ. ಮನೆಯ ಮೂಲೆಯಲ್ಲಿರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಇದನ್ನು ಓಡಿಸಿ, ಉಳಿದ ಯಂತ್ರಗಳ ಬ್ರೌಸರುಗಳಿಗೆ ಆ ವಿಳಾಸವನ್ನು ಕೊಟ್ಟಿದ್ದೇನೆ. ಬ್ರೌಸರಿಗೊಂದು ಎಕ್ಸ್‌ಟೆನ್ಷನ್ ಹಾಕಿ ಪ್ರತಿಯೊಂದನ್ನೂ ಕಾಯುವ ಬದಲು ಒಂದೇ ಕಡೆ ಬರೆದ ನಿಯಮ ಮನೆಮಂದಿಗೆಲ್ಲ ದಕ್ಕುತ್ತದೆ. ನಮ್ಮದೇ ನಿಯಮಗಳಿಗೆ ಬೇರೆ ಕಡತಗಳಿರುವುದರಿಂದ ಹೊಸ ಆವೃತ್ತಿಗೆ ಹೋದಾಗ ಅವು ಅಳಿಸಿಹೋಗಿಲ್ಲ.

ಮೊದಲ ವಾರದ ತಪ್ಪನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕನ್ನಡಕ್ಕಾಗಿ ಇದನ್ನು ಬಳಸುವವರೆಲ್ಲ ಅಲ್ಲಿಯೇ ಎಡವುವ ಸಂಭವವಿದೆ. ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಿದರೆ ೧೦, ೨೦ ಮುಂತಾದ ಸಂಖ್ಯೆಗಳು ಕೆಡುತ್ತವೆ. ಆದ್ದರಿಂದ ಹಿಂದಿನ ಅಕ್ಷರ ಅಂಕಿಯಾಗಿರದಿದ್ದರೆ ಮಾತ್ರ ಬದಲಿಸು ಎಂಬ ಅರ್ಥದಲ್ಲಿ [^೦-೯] ಎಂದು ಬರೆದೆ. ಬೆ೦ಗಳೂರು ಸರಿಹೋಯಿತು, ಅ೦ಗಡಿ ಸರಿಹೋಯಿತು, ಆದರೆ ಸ೦ಜೆ, ಪ೦ಚಾಯತಿ, ಮ೦ದಿರ ಹಾಗೆಯೇ ಉಳಿದವು. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಪ್ರಿವಾಕ್ಸಿಯ ಶೋಧಕವು ನೋಡುವುದು ಅಕ್ಷರಗಳನ್ನಲ್ಲ, ಅವನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಬೈಟುಗಳನ್ನು. ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳಿವೆ, ಮತ್ತು ಸ, ಪ, ಮಗಳ ಕೊನೆಯ ಬೈಟು ನಾನು ಹೊರಗಿಟ್ಟ ವ್ಯಾಪ್ತಿಯೊಳಗೇ ಬೀಳುತ್ತದೆ. ಹತ್ತು ಅಂಕಿಗಳನ್ನೂ ಬಿಡಿಬಿಡಿಯಾಗಿ, ಒಂದಲ್ಲದಿದ್ದರೆ ಇನ್ನೊಂದು ಎಂಬ ರೂಪದಲ್ಲಿ ಬರೆದ ಮೇಲೆ ನಿಯಮ ನೆಟ್ಟಗಾಯಿತು. ದಶಮಾಂಶ ಬಿಂದುವಿನ ಪಕ್ಕದ ಸೊನ್ನೆ ಈಗಲೂ ಕೆಡುತ್ತದೆಯಾದರೂ ಅಂಥ ಪುಟ ನಮ್ಮ ಮನೆಯಲ್ಲಿ ತೆರೆಯುವುದೇ ಅಪರೂಪ.

ಎರಡನೆಯ ನಿಯಮವನ್ನು ನನಗಾಗಿ ಬರೆದುಕೊಂಡೆ. ಇಂಗ್ಲಿಷಿನ ಅಳತೆಗೆ ಕಟ್ಟಿದ ತಾಣಗಳಲ್ಲಿ ಸಾಲುಗಳ ನಡುವೆ ಅಂತರ ಸಾಲದೆ ಒತ್ತಕ್ಷರಗಳ ಬುಡ ಕತ್ತರಿಸಿದಂತೆ ಕಾಣುತ್ತದೆ. ಪುಟದ ತಲೆಭಾಗ ಮುಗಿಯುವಲ್ಲಿ ಸಾಲಿನ ಅಂತರವನ್ನು ಹೆಚ್ಚಿಸುವ ಒಂದು ಸಣ್ಣ ಶೈಲಿಯನ್ನು ಸೇರಿಸಿದ್ದೇನೆ, ಅಷ್ಟರಿಂದಲೇ ಓದು ಹಗುರವಾಗಿದೆ.

ಗೂಢಲಿಪಿಯ ಪುಟಗಳ ಒಳಗನ್ನು ತಿದ್ದುವ ಸೌಲಭ್ಯ ಬಂದದ್ದು 2020ರ ಕೊನೆಯಲ್ಲಿ, 3.0.29ನೇ ಆವೃತ್ತಿಯೊಂದಿಗೆ. ಇದಕ್ಕಾಗಿ, ತಾಣ ಅಸಲಿಯೆಂದು ಬ್ರೌಸರಿಗೆ ಸಾರುವಂಥ ನಮ್ಮದೇ ಪ್ರಮಾಣಪತ್ರವೊಂದನ್ನು ಸೃಷ್ಟಿಸಿ ಬ್ರೌಸರಿಗೆ ನಂಬಿಸಬೇಕಾಗುತ್ತದೆ. ಇಲ್ಲಿ ಎಚ್ಚರ ತಪ್ಪಬಾರದು. ಒಮ್ಮೆ ಹೀಗೆ ಮಾಡಿದ ಮೇಲೆ ತಾಣದ ಅಸಲಿ ಪ್ರಮಾಣಪತ್ರವನ್ನು ಪರೀಕ್ಷಿಸುವ ಹೊಣೆ ಬ್ರೌಸರಿನಿಂದ ಪ್ರಾಕ್ಸಿಗೆ ಬರುತ್ತದೆ, ಮತ್ತು ನಮ್ಮ ಪ್ರಮಾಣಪತ್ರದ ಗುಪ್ತ ಕೀಲಿ ಕಳ್ಳರ ಕೈಗೆ ಸಿಕ್ಕರೆ ಅವರು ಯಾವ ತಾಣದ ವೇಷವನ್ನಾದರೂ ಹಾಕಬಹುದು. ಆದ್ದರಿಂದ ತಂದೆಯವರು ಓದುವ ತಾಣಗಳಿಗೆ ಮಾತ್ರ ಹೆಸರು ಹೆಸರಾಗಿ ಇದನ್ನು ತೆರೆದಿದ್ದೇನೆ. ಬ್ಯಾಂಕು, ಆಸ್ಪತ್ರೆ, ಮಿಂಚಂಚೆಗಳ ಪುಟಗಳು ಮುಟ್ಟದೆ ಹಾದುಹೋಗುತ್ತವೆ. ಎಲ್ಲಕ್ಕೂ ತೆರೆದಿಡಿ ಎಂದು ಯಾರು ಹೇಳಿದರೂ ಕೇಳಬೇಡಿ.

ಕೊರತೆಗಳೂ ಇವೆ. ತಿದ್ದಬೇಕಾದ ಪುಟವನ್ನು ಪೂರ್ತಿ ತುಂಬಿಕೊಂಡ ಮೇಲೆಯೇ ಮುಂದೆ ಕಳಿಸುವುದರಿಂದ ದೊಡ್ಡ ಪುಟ ಒಂದು ಕ್ಷಣ ತಡವಾಗಿ ಕಾಣಿಸಿಕೊಳ್ಳುತ್ತದೆ. ಈ ಸಂಗ್ರಹದ ಮಿತಿ ಮೊದಲಿಗೆ 4096 ಕಿಲೋಬೈಟು ಇರುತ್ತದೆ, ಅದನ್ನು ಮೀರಿದ್ದು ತಿದ್ದುಪಡಿಯಿಲ್ಲದೆ ಹೋಗುತ್ತದೆ. ಬ್ರೌಸರಿನೊಳಗೆ ಸ್ಕ್ರಿಪ್ಟ್ ಮೂಲಕ ಕಟ್ಟಿಕೊಳ್ಳುವ ಇಂದಿನ ಸುದ್ದಿತಾಣಗಳಲ್ಲಿ ನನ್ನ ನಿಯಮಗಳು ಬಹುಮಟ್ಟಿಗೆ ನಿಷ್ಫಲ, ಅಂಥ ಕಡೆ ಎಕ್ಸ್‌ಟೆನ್ಷನ್ನೇ ವಾಸಿ. ನಿಯಮಗಳನ್ನು ಕೈಯಾರೆ ಬರೆಯಬೇಕಾಗಿರುವುದರಿಂದ, ಮೇಲಿನ [^೦-೯] ಥರದ ಹುಡುಕು-ಮಾದರಿಗಳನ್ನು ಬರೆಯುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಾರದವರಿಗೆ ಇದು ಕಷ್ಟ.

ಆದರೂ ನಾನು ಇದನ್ನು ಬಿಡುವವನಲ್ಲ. ಈಗ ತಂದೆಯವರು ತಾವೇ ಹೊಸ ತಾಣ ಸಿಕ್ಕಾಗ ಎರಡು ಸಾಲು ಕೇಳಿ ನೋಡುತ್ತಾರೆ, ಸೊನ್ನೆ ಕೇಳಿಸಿದರೆ ನನ್ನನ್ನು ಕರೆದು ಪಟ್ಟಿಗೆ ಸೇರಿಸಲು ಹೇಳುತ್ತಾರೆ. ಮೊನ್ನೆಗೆ ಆ ಪಟ್ಟಿ ನಲವತ್ತೊಂದಕ್ಕೆ ಬಂದಿದೆ.