ಅಮ್ಮನ ತಿಂಡಿಗೆ ನಾಲ್ಕು ದಾರಿ

ಅಮ್ಮನ ಮೂತ್ರಪಿಂಡದ ಕಾಯಿಲೆ ನಾಲ್ಕನೇ ಹಂತಕ್ಕೆ ಬಂದಾಗ ಆಹಾರತಜ್ಞೆ ಲೆಕ್ಕ ಹಾಕಿಕೊಟ್ಟರು: ದಿನಕ್ಕೆ ಸೋಡಿಯಂ 2,000 ಮಿಲಿಗ್ರಾಂ ದಾಟಬಾರದು. ಉಪ್ಪಿನ ಲೆಕ್ಕದಲ್ಲಿ 5 ಗ್ರಾಂ, ಒಂದು ಟೀ ಚಮಚದಷ್ಟು. ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದುದರಿಂದ ಅದಕ್ಕೂ ಕಡಿವಾಣ. ನಾನು ಏಳು ಗಂಟೆಗೆಲ್ಲ ಕೆಲಸಕ್ಕೆ ಹೊರಡುವವಳು. ಬೇಗ ಆಗುವ ತಿಂಡಿಗಾಗಿ ಎರಡು ತಿಂಗಳು ನಾಲ್ಕು ದಾರಿ ನೋಡಿದೆ.

ಮೊದಲನೆಯದು ದಿಢೀರ್ ರವೆ ಇಡ್ಲಿ ಮಿಶ್ರಣ. ಪೊಟ್ಟಣದ ಹಿಂದೆ 100 ಗ್ರಾಂಗೆ ಸೋಡಿಯಂ 1,100 ಮಿಲಿಗ್ರಾಂ ಎಂದಿತ್ತು. ಅದು ಒಣಪುಡಿಯ ಲೆಕ್ಕ. ಅಮ್ಮನ ಪಾಲಿಗೆ 60 ಗ್ರಾಂ ಪುಡಿ ಬೇಕು. ಅಲ್ಲಿಗೆ 660 ಮಿಲಿಗ್ರಾಂ, ದಿನದ ಮೂರನೇ ಒಂದು ಪಾಲು ತಿಂಡಿಯಲ್ಲೇ ಮುಗಿಯಿತು. ಅಮ್ಮ ತಿಂದು 'ಸಪ್ಪೆ' ಎಂದರು. ಅಡುಗೆ ಸೋಡಾದಲ್ಲೂ ಸೋಡಿಯಂ ಇರುತ್ತದೆ, ಅದು ನಾಲಿಗೆಗೆ ಉಪ್ಪಾಗಿ ತಿಳಿಯುವುದಿಲ್ಲ.

ಎರಡನೆಯದು 'ಕಡಿಮೆ ಸೋಡಿಯಂ' ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಉಪ್ಪಿಟ್ಟಿನ ಮಿಶ್ರಣ. ಸೋಡಿಯಂ ನಿಜಕ್ಕೂ ಅರ್ಧದಷ್ಟಿತ್ತು. ಎರಡು ದಿನ ನೆಮ್ಮದಿಯಿಂದ ಕೊಟ್ಟೆ. ಮೂರನೆಯ ದಿನ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿದರೆ ಪದಾರ್ಥಗಳ ಸಾಲಿನಲ್ಲಿ ಐಎನ್‌ಎಸ್ 508, ಬೆರೆಸಿದ ವಸ್ತುವಿನ ಸಂಕೇತಸಂಖ್ಯೆ. ಪೊಟ್ಯಾಸಿಯಂ ಕ್ಲೋರೈಡ್! ಉಪ್ಪು ತೆಗೆದ ಜಾಗಕ್ಕೆ ಅದನ್ನು ತುಂಬಿದ್ದರು. ಪೊಟ್ಯಾಸಿಯಂ ಹೊರಹಾಕಲಾಗದ ದೇಹದಲ್ಲಿ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಕೈ ನಡುಗಿತು. ನಾಲ್ಕರಲ್ಲಿ ನಾನು ಹೆಚ್ಚು ನಂಬಿದ್ದೇ ಇದನ್ನು.

ನಮ್ಮಲ್ಲಿ ಸೋಡಿಯಂ ಪ್ರಮಾಣ ಮುದ್ರಿಸುವುದು ಕಡ್ಡಾಯ, ಪೊಟ್ಯಾಸಿಯಂನದ್ದಾಗಲಿ, ಅದರಂತೆಯೇ ಸೋತ ಮೂತ್ರಪಿಂಡದಿಂದ ಸರಿಯಾಗಿ ಹೊರಹೋಗದ ರಂಜಕದ್ದಾಗಲಿ (ಫಾಸ್ಫರಸ್) ಅಲ್ಲ. ಹೀಗಾಗಿ ಪದಾರ್ಥಗಳ ಸಾಲೇ ಗತಿ. 338ರಿಂದ 341, 450ರಿಂದ 452 ಕಂಡರೆ ಅವು ಫಾಸ್ಫೇಟ್‌ಗಳು. ಬೇಳೆಕಾಳಿನ ರಂಜಕದಲ್ಲಿ ಅರ್ಧಕ್ಕಿಂತ ಕಡಿಮೆ ಮೈಗೆ ಹತ್ತುತ್ತದೆ, ಬೆರೆಸಿದ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಹತ್ತುತ್ತದೆ. ಅಂಥ ಪೊಟ್ಟಣವನ್ನು ಈಗ ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ.

ಮೂರನೆಯದು ದರ್ಶಿನಿಯ ತಿಂಡಿ. ಇಡ್ಲಿ ಪರವಾಗಿಲ್ಲ. ಆದರೆ ಬೇಳೆ, ಟೊಮೆಟೊದ ಸಾಂಬಾರ್ ಮತ್ತು ಹುರಿಗಡಲೆ ಚಟ್ನಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಕೊನೆಗೆ ಉಳಿದದ್ದು ಬೀದಿ ತುದಿಯ ಅಂಗಡಿಯ ಇಡ್ಲಿ ಹಿಟ್ಟು. ಅಕ್ಕಿ, ಉದ್ದು, ಮೆಂತ್ಯ, ನೀರು ಅಷ್ಟೇ. ಉಪ್ಪು, ಸೋಡಾ ಎರಡೂ ಹಾಕುವುದಿಲ್ಲವೆಂದು ಕೇಳಿ ಖಾತ್ರಿ ಮಾಡಿಕೊಂಡೆ. ಮೂರು ಇಡ್ಲಿಗೆ ಅಳತೆಯ ಕಾಲು ಚಮಚದಲ್ಲಿ ಅರ್ಧ ಉಪ್ಪು ಹಾಕುತ್ತೇನೆ, ಸೋಡಿಯಂ ಸುಮಾರು 300 ಮಿಲಿಗ್ರಾಂ. ಜೊತೆಗೆ ಸೋರೆಕಾಯಿಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ, ಬಸಿದು ಮಾಡಿದ ಚಟ್ನಿ. ಪೊಟ್ಯಾಸಿಯಂ ಸಾಕಷ್ಟು ಆ ನೀರಿಗೆ ಇಳಿಯುತ್ತದೆ. ಬಸಿದ ನೀರಿನಲ್ಲಿ ಬಸ್ಸಾರು ಮಾಡಿಯೇ ರೂಢಿ ಅಮ್ಮನಿಗೆ. ಅದನ್ನು ಚೆಲ್ಲಲು ಅವರನ್ನು ಒಪ್ಪಿಸುವಷ್ಟರಲ್ಲಿ ಹದಿನೈದು ದಿನ ಹಿಡಿಯಿತು.