ರುಟಬಾಗಾ ಎಂದು ಟರ್ನಿಪ್ ಬೀಜ ಮಾರುತ್ತಿದ್ದಾರೆ, ದಯವಿಟ್ಟು ಎಚ್ಚರ

ಕೈತೋಟದಲ್ಲಿ ರುಟಬಾಗಾ (ಟರ್ನಿಪ್ಪನ್ನೇ ಹೋಲುವ, ಹೆಚ್ಚಾಗಿ ಹಳದಿ ತಿರುಳಿನ ಗಡ್ಡೆ ತರಕಾರಿ) ಬೆಳೆಯಬೇಕೆಂದು ಆನ್‌ಲೈನಿನಲ್ಲಿ ಬೀಜ ಹುಡುಕುತ್ತಿರುವವರು ಮೊದಲು ಇದನ್ನು ಓದಿ, ಆಮೇಲೆ ಹಣ ಕೊಡಿ. ನನಗೆ ಮೋಸವಾಗಿದೆ. ದೊಡ್ಡ ಅಕ್ಷರದಲ್ಲಿ ರುಟಬಾಗಾ ಎಂದು ಮುದ್ರಿಸಿದ ಪೊಟ್ಟಣದಲ್ಲಿ ಬಂದದ್ದು ಟರ್ನಿಪ್ ಬೀಜ. ಎರಡರ ಬೀಜವೂ ಸಾಸಿವೆಯಷ್ಟೇ ದುಂಡಗೆ, ಸಣ್ಣಗೆ. ಅಂಗೈಯಲ್ಲಿ ಹಾಕಿಕೊಂಡು ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾರುವವರಿಗೆ ಇದೇ ಬಂಡವಾಳ.

ಇದು ಕಾಯಿಸುವ ಬೆಳೆ. ಗಡ್ಡೆ ಬಲಿಯಲು 90ರಿಂದ 100 ದಿನ ಬೇಕು, ಅದೂ ತಂಪು ಹವೆಯಲ್ಲಿ. ಸೆಖೆ ಏರಿದರೆ ಗಡ್ಡೆ ನಾರಾಗುತ್ತದೆ. ಬೀಜ ತಪ್ಪಿದರೆ ಹಣವಷ್ಟೇ ಅಲ್ಲ, ಆ ವರ್ಷದ ಹಂಗಾಮೇ ಹೋಯಿತು. ಮಡಿ ಹದ ಮಾಡಿ, 20 ಸೆಂ.ಮೀ.ಗೊಂದು ಸಸಿ ಉಳಿಸಿ ಮಿಕ್ಕದ್ದನ್ನು ಕಿತ್ತು, ಎಲೆ ತೂತು ಮಾಡುವ ಪುಟ್ಟ ದುಂಬಿಗಳು ಬಾರದಂತೆ ಪರದೆ ಕಟ್ಟಿದ್ದೆಲ್ಲ ಟರ್ನಿಪ್ಪಿಗಾಗಿ!

ಅನುಮಾನ ಬಂದದ್ದು ಎಲೆಯಿಂದ. ರುಟಬಾಗಾದ ಎಳೆಯ ಎಲೆಯಲ್ಲಿ ಅಷ್ಟಿಷ್ಟು ಸುಂಕು, ಅಂದರೆ ಸಣ್ಣ ರೋಮ, ಇದ್ದರೂ ಬೆಳೆದ ಎಲೆ ನುಣುಪು, ನೀಲಿ ಛಾಯೆಯ ಹಸಿರು, ಮೇಲೆ ತೆಳ್ಳಗೆ ಮೇಣ. ನನ್ನ ಮಡಿಯಲ್ಲಿ ಎಲೆ ದೊಡ್ಡದಾದಷ್ಟೂ ಸುಂಕಿನಿಂದ ಒರಟಾಯಿತು, ಬಣ್ಣ ತಿಳಿಹಸಿರಾಗಿಯೇ ಉಳಿಯಿತು. ಬೀಜ ಮಾರಿದವರಿಗೆ ಫೋಟೊ ಕಳಿಸಿದೆ. “ನಿಮ್ಮ ಮಣ್ಣಿನಲ್ಲಿ ಸತ್ವ ಸಾಲದು ಮೇಡಂ, ಕಾಯಿರಿ, ಬಣ್ಣ ಬರುತ್ತದೆ” ಎಂದರು. ಮಣ್ಣು ಬಡವಾದರೆ ಎಲೆ ಹಳದಿಯಾದೀತು, ಸುಂಕು ಹುಟ್ಟುತ್ತದೆಯೇ?

ಆದರೂ ಕಾದೆ. ಅರ್ಧ ಅವಧಿಗೇ ಗಡ್ಡೆ ಮಣ್ಣಿನಿಂದ ಮೇಲೆದ್ದಿತು. ಒಂದನ್ನು ಕಿತ್ತು ಕೊಯ್ದೆ, ಒಳಗೆ ಅಚ್ಚ ಬಿಳುಪು. ಅದಕ್ಕೂ ಉತ್ತರ ಸಿದ್ಧ: “ಇದು ಬಿಳಿ ತಿರುಳಿನ ತಳಿ ಮೇಡಂ.” ಬಿಳಿ ತಿರುಳಿನ ರುಟಬಾಗಾ ಇರುವುದು ನಿಜ, ಅದಕ್ಕೇ ಈ ಸುಳ್ಳು ಅಷ್ಟು ಸಲೀಸಾಗಿ ಬಂತು. ಆದರೆ ಕುತ್ತಿಗೆ ಎಲ್ಲಿ? ರುಟಬಾಗಾ ಗಡ್ಡೆಯ ಮೇಲೆ ದಪ್ಪನೆಯ ಕುತ್ತಿಗೆ ಇರುತ್ತದೆ, ಉದುರಿದ ಎಲೆಗಳ ಗುರುತು ಅದರ ಮೇಲೆ ಸಾಲಾಗಿ ಕಾಣುತ್ತದೆ. ನನ್ನ ಗಡ್ಡೆಯಲ್ಲಿ ಎಲೆಗಳು ನೆತ್ತಿಯಿಂದಲೇ ಒಂದು ಗೊಂಚಲಾಗಿ ಎದ್ದಿದ್ದವು. ಕುತ್ತಿಗೆಯೇ ಇಲ್ಲ! ಅದರ ಫೋಟೊವನ್ನೂ ಕಳಿಸಿದೆ. ಆಗ ವರಸೆ ಬದಲಾಯಿತು: “ಪೊಟ್ಟಣದ ಚಿತ್ರ ಮಾದರಿಗಷ್ಟೇ. ಪೊಟ್ಟಣ ಒಡೆದ ಮೇಲೆ ಹಣ ವಾಪಸಿಲ್ಲ.” ಒಡೆಯದೆ ಬಿತ್ತುವುದು ಹೇಗೆ ಸ್ವಾಮಿ? ಇದನ್ನು ಕೇಳಿದ್ದೇ ತಡ, ನನ್ನ ನಂಬರನ್ನೇ ಬ್ಲಾಕ್ ಮಾಡಿದರು.

ಹಣ ಹೋದದ್ದಕ್ಕಿಂತ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಅಪರೂಪದ ಬೀಜವೆಂದು ಗೆಳತಿಯರಿಗೂ ಹಂಚಿದ್ದೆ. ಅವರ ಮಡಿಯಲ್ಲೂ ಇದೇ ಕಥೆ. ಅವರು ಏನೂ ಅನ್ನಲಿಲ್ಲ, ನನಗೆ ಮುಖ ತೋರಿಸಲು ನಾಚಿಕೆ.

ಪೊಟ್ಟಣದ ಮೇಲೆ ಬ್ರಾಸಿಕಾ ನೇಪಸ್ ಎಂಬ ಸಸ್ಯಶಾಸ್ತ್ರೀಯ ಹೆಸರು ಇದೆಯೇ ನೋಡಿ. ಬ್ರಾಸಿಕಾ ರಾಪಾ ಎಂದಿದ್ದರೆ ಅದು ಟರ್ನಿಪ್. 40-50 ದಿನಕ್ಕೆ ಕೊಯ್ಲು ಎಂದು ಬರೆದಿದ್ದರೂ ನಂಬಬೇಡಿ. ತಳಿಯ ಹೆಸರು, ಲಾಟ್ ಸಂಖ್ಯೆ ಇಲ್ಲದ ಪೊಟ್ಟಣ ಬೇಡವೇ ಬೇಡ. ನನ್ನದರಲ್ಲಿ ಎರಡೂ ಇರಲಿಲ್ಲ. ಒಂದಷ್ಟು ಬೀಜವನ್ನು ಪೊಟ್ಟಣದ ಸಮೇತ ತೆಗೆದಿಡಿ. ಒಡೆದ ಪೊಟ್ಟಣಕ್ಕೆ ಹಣ ವಾಪಸಿಲ್ಲ ಎನ್ನುವವರ ಹತ್ತಿರ ಬೀಜ ಕೊಳ್ಳಲೇಬೇಡಿ.