ಕ್ಯಾನ್ಸರ್ ಪ್ರಯೋಗಗಳ ನೋಂದಣಿ ತಾಣ: ಒಳಪುಟಗಳನ್ನು ಓದುವವರಿಗೆ ದೊಡ್ಡ ಆಸರೆ

ಕ್ಯಾನ್ಸರ್‌ಗೆ ಹೊಸ ಔಷಧ ಬಂದಿದೆಯೆಂಬ ಸುದ್ದಿ ಕಿವಿಗೆ ಬಿದ್ದಾಗ, ಅದು ಇಲಿಗಳನ್ನು ದಾಟಿ ಮನುಷ್ಯರವರೆಗೆ ಬಂದಿದೆಯೋ, ಬಂದಿದ್ದರೆ ಯಾವ ಹಂತದಲ್ಲಿದೆಯೋ ಎಂಬುದನ್ನು ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ತಾಣದಲ್ಲಿ ನಾವೇ ಹುಡುಕಿ ನೋಡಬಹುದು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 2000ದಲ್ಲಿ ತೆರೆದ ಈ ಉಚಿತ ನೋಂದಣಿಯಲ್ಲಿ ಈಗ ಜಗತ್ತಿನ ನಾನಾ ದೇಶಗಳ 5 ಲಕ್ಷಕ್ಕೂ ಹೆಚ್ಚು ಅಧ್ಯಯನಗಳಿವೆ. ಸಾಮಾನ್ಯ ಓದುಗರಿಗೆ ಇಷ್ಟು ಬೆಲೆಯುಳ್ಳ ಸೇವೆ ವಿರಳವೆಂದೇ ನನ್ನ ಅಭಿಪ್ರಾಯ. ಆದರೆ ಅದರ ಸತ್ವವಿರುವುದು ಎಲ್ಲರೂ ಮೊದಲು ತೆರೆಯುವ ಪಟ್ಟಿಯಲ್ಲಲ್ಲ.

ರೋಗದ ಹೆಸರನ್ನೂ ದೇಶವನ್ನೂ ಕೊಟ್ಟರೆ ಪಟ್ಟಿಯೇನೋ ಸಿಗುತ್ತದೆ. ನಾನು ಹೆಚ್ಚು ಮೆಚ್ಚುವುದು ಪ್ರತಿ ದಾಖಲೆಗೂ ಅಂಟಿಕೊಂಡಿರುವ ಬದಲಾವಣೆಗಳ ಇತಿಹಾಸವನ್ನು. ಪ್ರಯೋಗದ ಯಶಸ್ಸನ್ನು ಯಾವುದರಿಂದ ಅಳೆಯುತ್ತೇವೆ, ರೋಗಿ ಬದುಕುಳಿದ ಅವಧಿಯಿಂದಲೋ ಗೆಡ್ಡೆ ಕುಗ್ಗಿದ ಪ್ರಮಾಣದಿಂದಲೋ ಎಂಬುದನ್ನು ಸಂಶೋಧಕರು ಮೊದಲೇ ಘೋಷಿಸಬೇಕು. ಆಮೇಲೆ ಫಲಿತಾಂಶ ಚೆನ್ನಾಗಿ ಕಾಣಲೆಂದೋ ಬೇರೆ ಕಾರಣಕ್ಕೋ ಆ ಅಳತೆಗೋಲನ್ನು ಬದಲಿಸಿದರೆ ಹಳೆಯ ನಮೂದು ಅಳಿಯದೆ ದಿನಾಂಕದ ಸಮೇತ ಅಲ್ಲೇ ಉಳಿದಿರುತ್ತದೆ. ಬದಲಾವಣೆಯೆಲ್ಲವೂ ಮೋಸವಲ್ಲ. ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಬಳಸುವ) ಔಷಧದ ಕೀನೋಟ್-001 ಪ್ರಯೋಗವು ಸುರಕ್ಷಿತ ಪ್ರಮಾಣವನ್ನು ಹುಡುಕುವ ಮೊದಲ ಹಂತದ ಅಧ್ಯಯನವಾಗಿ ಆರಂಭಗೊಂಡು, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಮತ್ತು ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ಸೇರಿಸಿಕೊಳ್ಳುತ್ತ ಸಾವಿರಕ್ಕೂ ಹೆಚ್ಚು ಜನರಿಗೆ ವಿಸ್ತರಿಸಿತು. 2014ರಲ್ಲಿ ಮೆಲನೋಮಾಕ್ಕೆ ಅಮೆರಿಕದಲ್ಲಿ ಆ ಔಷಧಕ್ಕೆ ದೊರೆತ ಅನುಮತಿಗೆ ಅದೇ ಆಧಾರವಾಯಿತು.

ರೋಗ ಬಾರದಂತೆ ತಡೆಯುವ ಯತ್ನಗಳೂ ಇಲ್ಲಿ ದಾಖಲಾಗಿವೆ. 35 ಸಾವಿರಕ್ಕೂ ಹೆಚ್ಚು ಪುರುಷರು ಪಾಲ್ಗೊಂಡಿದ್ದ ಸೆಲೆಕ್ಟ್ ಪ್ರಯೋಗದಲ್ಲಿ, ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯಬಹುದೆಂದು ನಂಬಿದ್ದ ವಿಟಮಿನ್ ಇ ಮಾತ್ರೆಯೇ ಆ ಕ್ಯಾನ್ಸರಿನ ಪ್ರಮಾಣವನ್ನು ಶೇ 17ರಷ್ಟು ಹೆಚ್ಚಿಸಿತೆಂದು 2011ರಲ್ಲಿ ತಿಳಿಯಿತು. ಮಾತ್ರೆಗಳ ಜಾಹೀರಾತನ್ನು ನಂಬುವ ಮುನ್ನ ಇಂಥ ಒಂದು ದಾಖಲೆಯನ್ನಾದರೂ ಓದಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಕೊರತೆಗಳು ಸಣ್ಣವಲ್ಲ. ಯಾರು ಸೇರಬಹುದು, ಯಾರು ಸೇರಬಾರದು ಎಂಬ ಅರ್ಹತೆಯ ವಿವರಗಳು ವೈದ್ಯರಿಗಾಗಿಯೇ ಬರೆದಂತಿದ್ದು, ರೋಗಿಗೆ ಅತ್ಯಂತ ಅಗತ್ಯವಾದ ಭಾಗವೇ ಅತ್ಯಂತ ಕಠಿಣವಾಗಿದೆ. ಎಷ್ಟೋ ದಾಖಲೆಗಳು ವರ್ಷಗಳಿಂದ ಪರಿಷ್ಕರಣೆಯಾಗದೆ 'ಸ್ಥಿತಿ ತಿಳಿಯದು' ಎಂಬ ಗುರುತು ಹೊತ್ತು ಕುಳಿತಿವೆ. ಪ್ರಧಾನ ಫಲಿತಾಂಶದ ಮಾಹಿತಿ ಸಂಗ್ರಹ ಮುಗಿದ ಒಂದು ವರ್ಷದೊಳಗೆ ಫಲಿತಾಂಶ ಸಲ್ಲಿಸಬೇಕೆಂದು 2007ರ ಅಮೆರಿಕದ ಕಾನೂನು ಅನೇಕ ಪ್ರಯೋಗಗಳಿಗೆ ವಿಧಿಸಿದೆ. ಆದರೂ ಖಾಲಿ ಉಳಿದ ಫಲಿತಾಂಶದ ಪುಟಗಳು ಕಡಿಮೆಯಿಲ್ಲ. ವಿಫಲವಾದ ಔಷಧದ ಫಲಿತಾಂಶ ಬಚ್ಚಿಟ್ಟರೆ ಮುಂದಿನ ರೋಗಿಗಳು ಅದೇ ಅಪಾಯವನ್ನು ಮತ್ತೆ ಹೊರಬೇಕಾಗುತ್ತದೆ. ಇದನ್ನು ಬರಿಯ ಕಡತದ ವಿಳಂಬವೆಂದು ನಾನು ಒಪ್ಪಲಾರೆ.

ಎಲ್ಲಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ನೋಂದಣಿಯೆಂದರೆ ಅನುಮೋದನೆಯಲ್ಲ; ಪಟ್ಟಿಯಲ್ಲಿರುವ ಮಾತ್ರಕ್ಕೆ ಅಧ್ಯಯನವನ್ನು ಸರ್ಕಾರ ಪರಿಶೀಲಿಸಿದೆಯೆಂದು ಅರ್ಥವಲ್ಲ ಎಂದು ತಾಣವೇ ಎಚ್ಚರಿಸುತ್ತದೆ. ಹೀಗಿದ್ದೂ, ರೋಗಿಗಳಿಂದಲೇ ಹಣ ಪಡೆಯುವ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸಾಲಯಗಳು ಇಲ್ಲಿ ಅಧ್ಯಯನಗಳನ್ನು ನೋಂದಾಯಿಸಿ, ಅದನ್ನೇ ಮನ್ನಣೆಯಂತೆ ತೋರಿಸಿಕೊಂಡದ್ದುಂಟು. ಆ ಎಚ್ಚರಿಕೆಯ ಮಾತು ಸಣ್ಣ ಅಕ್ಷರದಲ್ಲಿದ್ದರೆ ಸಾಲದು. ರೋಗಿಯೇ ಹಣ ತೆರಬೇಕೇ ಎಂಬುದು ಪ್ರತಿ ದಾಖಲೆಯ ಮೊದಲ ಸಾಲಿನಲ್ಲಿರಬೇಕು. ಅದು ಆಗುವವರೆಗೆ, ಆಯ್ದ ಅಧ್ಯಯನಕ್ಕೆ ತಾಣವು ಗುರುತಿಗಾಗಿ ಕೊಟ್ಟಿರುವ ಎನ್‌ಸಿಟಿ ಸಂಖ್ಯೆಯನ್ನು ಬರೆದುಕೊಂಡು ಹೋಗಿ, ತಮಗೆ ಚಿಕಿತ್ಸೆ ನೀಡುತ್ತಿರುವ ಕ್ಯಾನ್ಸರ್ ತಜ್ಞರ ಮುಂದಿಟ್ಟು, ಔಷಧದ ಖರ್ಚು ಯಾರದು, ಪ್ರಯೋಗದಲ್ಲಿ ರೋಗಿಗಳ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಮಧ್ಯದಲ್ಲಿ ಹೊರಬರಬಹುದೇ ಎಂದು ಕೇಳಿಕೊಂಡೇ ಮುಂದುವರಿಯಬೇಕು.